ನರ್ಸಿಂಗ್ ಬಿಡಬೇಕೇ, ಐಸಿಯು ಬಿಟ್ಟರೆ ಸಾಕೇ?

ಬದಿಯಡ್ಕದ ಸಿಸ್ಟರ್

ಈ ಪ್ರಶ್ನೆಯನ್ನು ಇಲ್ಲಿ ಕೇಳಲು ಎರಡು ವಾರಗಳಿಂದ ಹಿಂದೆ ಮುಂದೆ ನೋಡುತ್ತಿದ್ದೇನೆ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಕರ್ನಾಟಕದ ನೋಂದಣಿಯನ್ನು ಕೇರಳದ ಕೌನ್ಸಿಲಿಗೆ ಬದಲಾಯಿಸಿಕೊಳ್ಳಲು ಓಡಾಡಿ, ಕೊನೆಗೆ ಕಾಸರಗೋಡಿನ ನಮ್ಮ ಊರಿನ ಹತ್ತಿರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿ ಈಗ ಹನ್ನೊಂದು ವರ್ಷವಾಯಿತು. ಅದರಲ್ಲಿ ಆರು ವರ್ಷ ಐಸಿಯುವಿನಲ್ಲೇ ಕಳೆದಿದೆ.

ಕಳೆದ ತಿಂಗಳು ಒಂದು ರಾತ್ರಿ ಗಡಿ ಭಾಗದ ಅಜ್ಜಿಯೊಬ್ಬರು ನಮ್ಮಲ್ಲಿದ್ದರು. ತುಳು ಬಿಟ್ಟರೆ ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಡಾಕ್ಟರು ತೆಂಕಣ ಕೇರಳದವರು. ಮನುಷ್ಯ ಒಳ್ಳೆಯವರೇ, ಆದರೆ ಅವರಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಇನ್ನು ವೆಂಟಿಲೇಟರಿಗೆ ಹಾಕಿ ಪ್ರಯೋಜನವಿಲ್ಲ ಎಂಬುದನ್ನು ನನಗೆ ಮಲಯಾಳದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ ಅವರು ಕ್ಯಾಶುವಾಲ್ಟಿಗೆ ಇಳಿದರು. ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಮಗನಿಗೆ ಅದನ್ನು ಹೇಳಬೇಕಾದವಳು ನಾನು. ಹೇಳಿದೆ. ಅವರು ತೀರ್ಮಾನ ನನ್ನದೇ ಎಂಬಂತೆ ನನ್ನ ಮುಖ ನೋಡಿ, "ನೀವು ಹೇಗೆ ಹೇಳುತ್ತೀರೋ ಹಾಗೆ ಸಿಸ್ಟರೇ" ಎಂದರು. ಒಳಗೆ ಬಂದರೆ ಅಜ್ಜಿ ಮಾಸ್ಕಿನೊಳಗಿಂದ "ಎಂಕ್ ಇಲ್ಲಡೆ ಪೋವೊಡು" (ನನಗೆ ಮನೆಗೆ ಹೋಗಬೇಕು) ಎನ್ನುತ್ತಿದ್ದರು. ನಾನು ಪಕ್ಕದ ಬೆಡ್ಡಿನ ಪಂಪಿನ ಅಲಾರಂ ನಿಲ್ಲಿಸಿ ಐದು ಗಂಟೆಯ ಬಿಪಿ ಬರೆದೆ.

ಮೊದಲೆಲ್ಲ ಇಂಥ ಹೊತ್ತಿನಲ್ಲಿ ಬಟ್ಟೆ ಇಡುವ ಕೋಣೆಗೆ ಹೋಗಿ ಎರಡು ನಿಮಿಷ ಅತ್ತು ಬರುತ್ತಿದ್ದೆ. ಆ ದಿನ ಅಳು ಬರಲಿಲ್ಲ. ಮನಸ್ಸಿಗೆ ಬಂದದ್ದು ಒಂದೇ: ಇವರು ಏಳು ಗಂಟೆಯ ಹೊತ್ತಿಗೆ ತೀರಿಕೊಂಡರೆ ಎಲ್ಲ ಕಾಗದ ಮುಗಿಸಿ ಹೊರಡುವಾಗ ನನ್ನ ಬಸ್ಸು ತಪ್ಪುತ್ತದೆ. ಆ ಯೋಚನೆ ಬಂದದ್ದು ಹೋಗಲಿ, ಅದಕ್ಕಾಗಿ ನಾಚಿಕೆಯೂ ಆಗಲಿಲ್ಲವಲ್ಲ ಎಂಬುದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಅಂದಿನಿಂದ ಸಮವಸ್ತ್ರ ಇಸ್ತ್ರಿ ಮಾಡುವಾಗಲೇ ಹೊಟ್ಟೆ ತೊಳಸುತ್ತದೆ. ಯಜಮಾನರು ಗಲ್ಫಿನಲ್ಲಿದ್ದಾರೆ, ಮನೆ ಸಾಲ ಇನ್ನೂ ಇದೆ. ಇದು ಬರೀ ದಣಿವೋ, ಅಥವಾ ನನ್ನೊಳಗಿನ ನರ್ಸ್ ಮುಗಿದುಹೋದಳೋ? ಇದೇ ದಾರಿಯಲ್ಲಿ ಹೋದವರು ಏನು ಮಾಡಿದಿರಿ ಎಂದು ದಯವಿಟ್ಟು ಹೇಳಿ.

ನೈಟ್ ಡ್ಯೂಟಿ

ಈ ತಿಂಗಳ ಒಂಬತ್ತನೆಯ ರಾತ್ರಿಪಾಳಿ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಓದಿದೆ. ಬಸ್ಸು ತಪ್ಪುತ್ತದೆಂಬ ಯೋಚನೆ ನನಗೂ ಬಂದಿದೆ ಅಕ್ಕಾ, ಆದರೆ ಅದನ್ನು ಯಾರಲ್ಲೂ ಹೇಳಿಕೊಂಡಿರಲಿಲ್ಲ.

ಹೊಸದುರ್ಗದ ಹಳೆ ಸಿಸ್ಟರ್

ತಂಗಿ, ನಾನು ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದು ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ಮೊದಲು ಒಂದು ವಿಷಯ ಬಿಡಿಸಿ ನೋಡಿಕೊಳ್ಳಿ. ದಣಿವು ಎಂದರೆ ಎರಡು ದಿನ ನಿದ್ದೆ ಮಾಡಿದರೆ ಇಳಿಯುವಂಥದ್ದು. ನೀವು ಬರೆದದ್ದು ಅದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳುತ್ತದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಅದನ್ನು ಅವರು ಕಾಯಿಲೆ ಎಂದು ಕರೆದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದ್ದಾರೆ. ಎಂದರೆ ದೋಷ ನಿಮ್ಮ ಎಲುಬಿನಲ್ಲಿಲ್ಲ.

ಹಾಗಿದ್ದರೂ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಊರಿನವರ ಶುಗರ್ ನೋಡುವ ನಾವು ನಮ್ಮ ರಕ್ತವನ್ನು ಯಾವತ್ತೂ ಲ್ಯಾಬಿಗೆ ಕೊಡುವುದಿಲ್ಲ. ಮನೆಯಲ್ಲಿದ್ದಾಗಲೂ, ರಜೆಯಲ್ಲೂ, ಮಕ್ಕಳ ಜೊತೆಯಲ್ಲೂ ಇದೇ ಶೂನ್ಯ ಇದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಮದ್ದಿದೆ, ವೈದ್ಯರನ್ನು ಕಾಣಬೇಕು. ಇನ್ನೊಂದು ಮಾತು: ರಾತ್ರಿಪಾಳಿ ನಡೆಯುತ್ತಿರುವ ವಾರದಲ್ಲಿ ರಾಜೀನಾಮೆ ಬರೆಯಬೇಡಿ. ಬೆಳಗ್ಗೆ ಎಂಟು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಇಪ್ಪತ್ತು ಗಂಟೆ ಎಚ್ಚರವಿದ್ದವಳು ಬರೆದ ಕಾಗದಕ್ಕೆ ಬೆಲೆಯಿಲ್ಲ. ನಾನು ಅಂಥ ಮೂರು ಕಾಗದ ಬರೆದು ಹರಿದಿದ್ದೇನೆ.

ಉಪ್ಪಳದ ಬ್ರದರ್

ಹಿರಿಯರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಈ ಚರ್ಚೆ ಮತ್ತೆ ನಮ್ಮ ಮನಸ್ಸು, ನಮ್ಮ ನಿದ್ದೆ, ನಮ್ಮ ರಕ್ತ ಎಂದು ನಮ್ಮ ತಲೆಗೇ ಬರುತ್ತಿದೆಯಲ್ಲ, ಅದಕ್ಕೆ ನನ್ನ ಆಕ್ಷೇಪವಿದೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡದಂತೆ ಐಸಿಯುವಿನಲ್ಲಿ ಪ್ರತಿ ಪಾಳಿಗೆ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ನಾನು ಹಿಂದೆ ಕೆಲಸ ಮಾಡಿದ ಕಡೆ ರಾತ್ರಿ ಒಬ್ಬನಿಗೆ ಮೂರು ಬೆಡ್, ಅದರಲ್ಲಿ ಎರಡು ವೆಂಟಿಲೇಟರ್. ಒಬ್ಬರಿಗೆ ಸಕ್ಷನ್ ಕೊಟ್ಟು ಕಫ ತೆಗೆಯುವಾಗ ಇನ್ನೊಬ್ಬರ ರಕ್ತದ ಆಮ್ಲಜನಕ ಇಳಿದರೆ ಯಾವ ಪ್ರಾಣಾಯಾಮ ಸಹಾಯಕ್ಕೆ ಬರುತ್ತದೆ?

ನಮ್ಮ ಆಡಳಿತದವರು ಒಮ್ಮೆ ಒತ್ತಡ ನಿವಾರಣೆಯ ಯೋಗ ತರಗತಿ ಏರ್ಪಡಿಸಿದ್ದರು. ರಾತ್ರಿಪಾಳಿ ಮುಗಿಸಿದವರು ಮನೆಗೆ ಹೋಗದೆ ಕಡ್ಡಾಯವಾಗಿ ಬರಬೇಕೆಂದು ನೋಟೀಸ್ ಹಚ್ಚಿದರು. ಶವಾಸನದಲ್ಲಿ ಮಲಗಿದ ಹನ್ನೆರಡು ಮಂದಿಯಲ್ಲಿ ಏಳು ಮಂದಿ ಗೊರಕೆ ಹೊಡೆದರು, ನಾನೂ ಅವರಲ್ಲೊಬ್ಬ.

ಸಂಬಳದ ಕತೆಯೂ ಹೀಗೆಯೇ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಹೇಳಿತು. ಐವತ್ತು ಬೆಡ್ಡಿಗಿಂತ ಚಿಕ್ಕ ಆಸ್ಪತ್ರೆಯಾದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದ ಮೇಲೆ, 2018ರ ಏಪ್ರಿಲ್‌ನಲ್ಲಿ ಸರಕಾರ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಕಾಗದದಲ್ಲಿ ಬಂದದ್ದು ಕೈಗೆ ಬಂತೇ ಎಂದು ಇಲ್ಲಿರುವವರೇ ತಮ್ಮ ಪಾಸ್‌ಬುಕ್ ನೋಡಿ ಹೇಳಲಿ.

ಹೊಸದುರ್ಗದ ಹಳೆ ಸಿಸ್ಟರ್

ಬ್ರದರ್, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಮಾನದಂಡ ಬರುವ ಸೋಮವಾರದ ಡ್ಯೂಟಿ ಲಿಸ್ಟಿನಲ್ಲಿ ಬರುವುದಿಲ್ಲ, ಆ ತಂಗಿ ಸೋಮವಾರ ಡ್ಯೂಟಿಗೆ ಹೋಗಬೇಕು. ಸಂಘಟನೆಯೂ ಬೇಕು, ಹಿಮೋಗ್ಲೋಬಿನ್ನೂ ಬೇಕು. ಒಂದನ್ನು ಹೇಳಿದಾಕ್ಷಣ ಇನ್ನೊಂದನ್ನು ಅಲ್ಲಗಳೆದಂತೆ ಆಗುವುದಿಲ್ಲ.

ಕುಂಬಳೆಯ ಮಾಸ್ತರ

ನಾನು ನರ್ಸ್ ಅಲ್ಲ. ತಂದೆಯವರಿಗೆ ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವವ) ಆಗಿ ಹತ್ತೊಂಬತ್ತು ದಿನ ಆಸ್ಪತ್ರೆಯ ನೆಲದಲ್ಲಿ ಚಾಪೆ ಹಾಸಿ ಮಲಗಿದವನು. ಆದ್ದರಿಂದ ನನ್ನ ಮಾತು ಇಲ್ಲಿಯವರಿಗೆ ರುಚಿಸಲಿಕ್ಕಿಲ್ಲ. ತಂದೆಯವರ ಡ್ರಿಪ್ ಮುಗಿಯಿತೆಂದು ಹೇಳಲು ಹೋದಾಗ "ಗೊತ್ತಿದೆ, ನೀವು ಹೋಗಿ" ಎಂಬ ಉತ್ತರ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಕ್ಯಾನುಲಾ ಹಾಕಿದಲ್ಲಿ ಕೈ ಊದಿಕೊಂಡದ್ದನ್ನು ತೋರಿಸಿದರೆ, ತೋರಿಸಿದವನದೇ ತಪ್ಪೆಂಬಂತೆ ಮುಖ ಮಾಡಿದರು. ನಿಮಗೆ ಕೆಲಸ ಹೆಚ್ಚಿರಬಹುದು, ಸಂಬಳ ಕಡಿಮೆಯಿರಬಹುದು. ಅದಕ್ಕೆ ಎಪ್ಪತ್ತೆಂಟು ವರ್ಷದ ಮುದುಕ ಏನು ಮಾಡಿದ್ದ? ಕರುಣೆ ಬತ್ತಿತೆಂದು ನೀವು ದುಃಖಪಡುವುದು ಸರಿಯೇ, ಆದರೆ ಅದು ಬತ್ತಿದ ಮೇಲೆ ಅದರ ಬಿಸಿ ತಾಗುವುದು ಹಾಸಿಗೆಯಲ್ಲಿದ್ದವರಿಗೆ.

ಉಪ್ಪಳದ ಬ್ರದರ್

ಮಾಸ್ತರರೇ, ನಿಮ್ಮ ತರಗತಿಯಲ್ಲಿ ಮಕ್ಕಳ ಸಂಖ್ಯೆ ಮೂರು ಪಟ್ಟಾದರೆ ನೀವು ಎಷ್ಟು ದಿನ ನಗುನಗುತ್ತಾ ಪಾಠ ಮಾಡುತ್ತೀರಿ ಎಂದು ಕೇಳಬಹುದೇ?

ಬದಿಯಡ್ಕದ ಸಿಸ್ಟರ್

ಬ್ರದರ್, ಮಾಸ್ತರರಿಗೆ ಹಾಗೆ ಉತ್ತರ ಕೊಡುವುದು ಬೇಡ. ಅವರು ಹೇಳಿದ "ಗೊತ್ತಿದೆ, ನೀವು ಹೋಗಿ" ಎಂಬ ಮಾತನ್ನು ನಾನೂ ಆಡಿದ್ದೇನೆ.

ಮಾಸ್ತರರೇ, ಅದನ್ನು ಸಮರ್ಥಿಸಲಿಕ್ಕಲ್ಲ, ಆ ಮಾತು ಎಲ್ಲಿಂದ ಬರುತ್ತದೆ ಎಂದು ತಿಳಿಸಲಿಕ್ಕೆ ಬರೆಯುತ್ತೇನೆ. ನಾನು ವಾರ್ಡಿನಲ್ಲಿದ್ದ ಕಾಲದಲ್ಲಿ ಬೆಳಗ್ಗೆ ಇಬ್ಬರಿಗೆ ಇಪ್ಪತ್ತೆಂಟು ರೋಗಿಗಳು. ತಿಂಡಿಗೆ ಮುಂಚೆ ಇನ್ಸುಲಿನ್ ಹೋಗಬೇಕು. ತಡವಾದರೆ ತಿಂಡಿ ತಣ್ಣಗಾಗುತ್ತದೆ, ತಿಂಡಿ ಮೊದಲಾದರೆ ಶುಗರ್ ಏರುತ್ತದೆ. ಎಂಟು ಗಂಟೆಯ ಆ್ಯಂಟಿಬಯೋಟಿಕ್ ಕಲಸಿ, ಚೀಟಿ ಅಂಟಿಸಿ, ಟ್ರಾಲಿ ತಳ್ಳಿಕೊಂಡು ಹೊರಡುವಾಗ ರೌಂಡ್ಸಿಗೆ ಡಾಕ್ಟರು ಬರುತ್ತಾರೆ. ಅವರ ಹಿಂದೆ ಹೋಗಬೇಕು, ಏಕೆಂದರೆ ಅರ್ಧ ರೋಗಿಗಳ ಭಾಷೆ ಅವರಿಗೆ ಗೊತ್ತಿಲ್ಲ. ಕನ್ನಡ, ತುಳು, ಬ್ಯಾರಿ ಮೂರೂ ಬರುವವಳು ನಾನೊಬ್ಬಳೇ ಆದ್ದರಿಂದ ಪಕ್ಕದ ವಾರ್ಡಿನವರೂ "ಸಿಸ್ಟರನ್ನು ಒಂದು ನಿಮಿಷ ಕಳಿಸಿ" ಎನ್ನುತ್ತಿದ್ದರು. ಆ ಒಂದು ನಿಮಿಷ ಯಾವ ರಿಜಿಸ್ಟರಿನಲ್ಲೂ ಇಲ್ಲ. ಆ ಹೊತ್ತಿಗೆ ನೀವು ಬಂದು ಡ್ರಿಪ್ ಮುಗಿಯಿತು ಎನ್ನುತ್ತೀರಿ. ನನಗೆ ಗೊತ್ತಿರುವುದು ನಿಜ. ಆದರೆ ಗೊತ್ತಿದ್ದೂ ಮಾಡಲಾಗದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾಲಗೆ ಹರಿತವಾಗುತ್ತದೆ. ಊದಿದ ಕೈಯನ್ನು ನೋಡದೆ ಹೋದದ್ದು ತಪ್ಪು, ಅದನ್ನು ತಪ್ಪೆಂದೇ ಹೇಳುತ್ತೇನೆ.

ಕುಂಬಳೆಯ ಮಾಸ್ತರ

ಇಪ್ಪತ್ತೆಂಟು ಮಂದಿಗೆ ಇಬ್ಬರು ಎಂಬುದು ನನಗೆ ತಿಳಿದಿರಲಿಲ್ಲ. ಚಾಪೆಯಲ್ಲಿ ಮಲಗಿದವನಿಗೆ ಕಾಣುವುದು ತನ್ನ ಒಂದು ಬಾಟಲಿ ಮಾತ್ರ.

ಪಾಠ ಹೇಳುವವಳು

ನಾನು ನರ್ಸಿಂಗ್ ಕಾಲೇಜೊಂದರಲ್ಲಿ ಟ್ಯೂಟರ್. ಸಿಸ್ಟರ್ ಬರೆದದ್ದಕ್ಕೆ ಬರ್ನ್‌ಔಟ್ ಎಂಬ ಪದ ಪೂರ್ತಿ ಹೊಂದುವುದಿಲ್ಲವೆಂದು ನನಗನಿಸುತ್ತದೆ. ಮಾಡಬೇಕಾದ ಸರಿಯಾದ ಕೆಲಸ ಯಾವುದೆಂದು ತಿಳಿದಿದ್ದೂ, ಸಂಸ್ಥೆಯ ಕಟ್ಟುಪಾಡುಗಳಿಂದಾಗಿ ಅದನ್ನು ಮಾಡಲಾಗದೆ ಹೋಗುವ ಸ್ಥಿತಿಯನ್ನು ಆ್ಯಂಡ್ರ್ಯೂ ಜೇಮ್ಟನ್ ಎಂಬವರು 1984ರಲ್ಲೇ ನರ್ಸುಗಳ ಬಗ್ಗೆ ಬರೆಯುವಾಗ ಗುರುತಿಸಿ ಹೆಸರಿಟ್ಟಿದ್ದರು. ಕನ್ನಡದಲ್ಲಿ ನೈತಿಕ ಸಂಕಟ ಎನ್ನಬಹುದು. ಅಜ್ಜಿಯನ್ನು ಮನೆಗೆ ಕಳುಹಿಸುವುದೇ ಸರಿಯೆಂದು ಆ ಸಿಸ್ಟರಿಗೆ ಗೊತ್ತಿತ್ತು, ಹೇಳುವ ಅಧಿಕಾರ ಇರಲಿಲ್ಲ. ಅಧಿಕಾರವಿಲ್ಲದಿದ್ದರೂ ಹೇಳುವ ಬಾಯಿ ಅವರದೇ ಆಯಿತು. ನಿದ್ದೆಯಿಂದ ವಾಸಿಯಾಗದ್ದು ಇದು.

ಇದರಲ್ಲಿ ನಮ್ಮ ಪಾಲೂ ಇದೆ. ಮೊದಲ ವರ್ಷದ ಮಕ್ಕಳ ಕೈಗೆ ದೀಪ ಕೊಟ್ಟು ಪ್ರತಿಜ್ಞೆ ಹೇಳಿಸುತ್ತೇವೆ. ಪ್ರತಿ ಮೇ 12ರಂದು ನೈಟಿಂಗೇಲ್ ಜನ್ಮದಿನಕ್ಕೆ ತ್ಯಾಗದ ಭಾಷಣ ಮಾಡುತ್ತೇವೆ. 2018ರಲ್ಲಿ ನಿಪಾ ರೋಗಿಯನ್ನು ನೋಡಿಕೊಂಡು ಸೋಂಕಿನಿಂದ ತೀರಿಕೊಂಡ ಪೇರಾಂಬ್ರ ತಾಲೂಕು ಆಸ್ಪತ್ರೆಯ ಲಿನಿ ಸಿಸ್ಟರ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ಹಾಕಲೇಬೇಕು. ಆದರೆ ಮೂರನೆಯ ದಿನವೂ ಡಬಲ್ ಡ್ಯೂಟಿ ಹಾಕಿದಾಗ "ಆಗುವುದಿಲ್ಲ ಮೇಡಂ, ನಿದ್ದೆಗಣ್ಣಿನಲ್ಲಿ ಇಂಜೆಕ್ಷನ್ ತಪ್ಪಿದರೆ ರೋಗಿಗೆ ಅಪಾಯ" ಎಂದು ಹೇಗೆ ಹೇಳಬೇಕೆಂಬುದನ್ನು ನಾಲ್ಕು ವರ್ಷದಲ್ಲಿ ಒಂದು ಪೀರಿಯಡ್ಡಿನಲ್ಲೂ ಕಲಿಸುವುದಿಲ್ಲ. ನರ್ಸ್ ಎಂದರೆ ದೇವತೆ ಎಂದು ಹೇಳಿಕೊಟ್ಟದ್ದರಿಂದಲೇ ತನಗೆ ಸುಸ್ತಾದಾಗ ಆ ಹುಡುಗಿ ತನ್ನನ್ನು ಅಪರಾಧಿ ಎಂದುಕೊಳ್ಳುತ್ತಾಳೆ.

ಮಂಜೇಶ್ವರ ಲೋಕಲ್

ದೇವತೆಯ ಮಾತು ಬಂದದ್ದರಿಂದ ಹೇಳುತ್ತೇನೆ. 2020ರ ಮಾರ್ಚ್ 22ರ ಸಂಜೆ ನಮ್ಮ ಓಣಿಯಲ್ಲೂ ಚಪ್ಪಾಳೆ ತಟ್ಟಿದರು, ಬಟ್ಟಲು ಬಡಿದರು. ಕೆಲವೇ ದಿನಗಳಲ್ಲಿ ಕೊರೋನಾ ತಡೆಯಲೆಂದು ಕರ್ನಾಟಕದ ಕಡೆಯವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ದಿನಾ ತಲಪಾಡಿ ದಾಟಿ ಮಂಗಳೂರಿಗೆ ಡ್ಯೂಟಿಗೆ ಹೋಗುತ್ತಿದ್ದ ನಮ್ಮಂಥವರು ಈಚೆ ಉಳಿದೆವು. ಅದಕ್ಕಿಂತ ಕೆಟ್ಟದ್ದು, ಇಲ್ಲಿಯ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ಬಂದವು, ಹಾಗೆ ಚಿಕಿತ್ಸೆ ಸಿಗದೆ ಜೀವ ಹೋದವರಿದ್ದಾರೆ. ನಾನು ಹತ್ತು ವರ್ಷ ಕೆಲಸ ಮಾಡಿದ ವಾರ್ಡು ಮನೆಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿತ್ತು, ನಾನು ಮನೆಯ ಚಾವಡಿಯಲ್ಲಿ ಕುಳಿತಿದ್ದೆ. ನನ್ನ ಭ್ರಮೆ ಹರಿದದ್ದು ಕೆಲಸ ಹೆಚ್ಚಾಗಿ ಅಲ್ಲ, ಕೆಲಸ ಮಾಡಲು ಬಿಡದೆ ಹೋದದ್ದರಿಂದ. ಮತ್ತೆ ರಸ್ತೆ ತೆರೆದಾಗ ಹೋದೆ. ಆದರೆ ಆ ಮೊದಲಿನ ಉತ್ಸಾಹ ಮಣ್ಣಿನಾಚೆಯೇ ಉಳಿಯಿತು.

ಅಕ್ಕಲಕೋಟೆಯವಳು

ಭಾಷೆಯ ಮಾತು ಬಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಸೊಲ್ಲಾಪುರದಲ್ಲಿ ಕೆಲಸ ಮಾಡುತ್ತೇನೆ. ಹಳ್ಳಿಯಿಂದ ಬರುವ ಹಿರಿಯರಿಗೆ ಕನ್ನಡವೇ, ಕೇಸ್ ಪೇಪರೆಲ್ಲ ಇಂಗ್ಲಿಷ್, ಡಾಕ್ಟರ ಮಾತು ಮರಾಠಿ. ಕೆಟ್ಟ ಸುದ್ದಿಯನ್ನು ತಾಯಿನುಡಿಯಲ್ಲಿ ಹೇಳುವುದು ಬಹಳ ಕಷ್ಟ ನೋಡ್ರಿ. ಇಂಗ್ಲಿಷಿನ ಪದಕ್ಕೆ ಒಂದು ಮರೆ ಇರುತ್ತದೆ, ಕನ್ನಡದಲ್ಲಿ ಹೇಳುವಾಗ ನಮ್ಮವ್ವನಿಗೇ ಹೇಳಿದ ಹಾಗಾಗುತ್ತದೆ. ಗಡಿಯಲ್ಲಿರುವ ನರ್ಸಿನ ಈ ಭಾರವನ್ನು ಬೇರೆ ಕಡೆಯವರು ಅರಿಯರು.

ಮುಳ್ಳೇರಿಯದಿಂದ ಜರ್ಮನಿಗೆ

ಎಲ್ಲ ಬಿಟ್ಟು ವಿದೇಶಕ್ಕೆ ಹೋಗಿಬಿಡಿ ಎಂದು ಹೇಳುವವರಿಗಾಗಿ ನನ್ನ ಅನುಭವ. ನೋರ್ಕಾ (ಹೊರನಾಡಿನ ಕೇರಳೀಯರಿಗಾಗಿ ಕೇರಳ ಸರಕಾರ ನಡೆಸುವ ಸಂಸ್ಥೆ) ಮತ್ತು ಜರ್ಮನಿಯ ಸರಕಾರಿ ಸಂಸ್ಥೆಗಳು ಒಟ್ಟಾಗಿ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ನಾನು ಬಂದೆ. ಊರಿನಲ್ಲಿ ಬಿ1 ಮಟ್ಟದ ಜರ್ಮನ್ ಕಲಿತು, ಇಲ್ಲಿಗೆ ಬಂದ ಮೇಲೆ ಬಿ2 ಮುಗಿಸಿದೆ. ನಮ್ಮ ಪದವಿಗೆ ಇಲ್ಲಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸ್ಥಾನ, ಸಹಾಯಕಿಯ ಸಂಬಳ. ಐಸಿಯುವಿನಲ್ಲಿ ವೆಂಟಿಲೇಟರ್ ನೋಡಿಕೊಂಡಿದ್ದ ನಾನು ಮೊದಲ ತಿಂಗಳು ಮಾಡಿದ್ದು ಮುದುಕರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಬಟ್ಟೆ ತೊಡಿಸುವ ಕೆಲಸ. ನಮ್ಮಲ್ಲಿ ಅದು ಬೈಸ್ಟ್ಯಾಂಡರ್ ಮಾಡುವ ಕೆಲಸ, ಇಲ್ಲಿ ಅದೇ ಶುಶ್ರೂಷೆಯ ಅಡಿಪಾಯ. ಇದಕ್ಕಾಗಿಯೇ ಇಷ್ಟು ಓದಿದೆನೇ ಎಂದು ಶೌಚಾಲಯದಲ್ಲಿ ಅತ್ತಿದ್ದೇನೆ.

ಇಲ್ಲಿಯೂ ನರ್ಸುಗಳ ಕೊರತೆಯಿದೆ, ಅದಕ್ಕೇ ನಮ್ಮನ್ನು ಕರೆಸಿಕೊಂಡದ್ದು. ಬೇರೆಯಾದದ್ದು ಒಂದೇ: ಪಾಳಿ ಮುಗಿದರೆ ಮುಗಿಯಿತು, ರಜೆಯ ದಿನ ಫೋನ್ ಬಂದರೆ ಬೇಡವೆನ್ನಬಹುದು, ಬೇಡವೆಂದರೆ ಯಾರೂ ಮುಖ ತಿರುಗಿಸುವುದಿಲ್ಲ. ಹಣಕ್ಕಾಗಿ, ಬದಲಾವಣೆಗಾಗಿ ಬನ್ನಿ. ಬತ್ತಿದ ಮನಸ್ಸು ವಿಮಾನ ಹತ್ತಿದರೆ ಚಿಗುರುತ್ತದೆ ಎಂದು ಮಾತ್ರ ಬರಬೇಡಿ. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ, ಗಂಜಿ ಚಟ್ನಿಯೂ ಇಲ್ಲ.

ಎಣ್ಮಕಜೆ ಹೋಂಕೇರ್

ನಾನು ಐಸಿಯು ಬಿಟ್ಟೆ, ನರ್ಸಿಂಗ್ ಬಿಡಲಿಲ್ಲ. ಕೇರಳ 2008ರಲ್ಲೇ ಉಪಶಾಮಕ ಶುಶ್ರೂಷೆಗೆ, ಎಂದರೆ ದೀರ್ಘ ಕಾಯಿಲೆಯವರ ನೋವು ಇಳಿಸುವ ಆರೈಕೆಗೆ, ನೀತಿ ರೂಪಿಸಿದ್ದರಿಂದ ಇಲ್ಲಿ ಪಂಚಾಯತುಗಳ ಮೂಲಕ ಮನೆಮನೆಗೆ ಹೋಗುವ ಪ್ಯಾಲಿಯೇಟಿವ್ ನರ್ಸುಗಳಿದ್ದಾರೆ. ತರಬೇತಿ ಪಡೆದು ಐದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ ಊರುಗಳು ನಮ್ಮವು. ಸಿಂಪಡಣೆ ನಿಂತು ಎರಡು ದಶಕ ದಾಟಿದರೂ ಹಾಸಿಗೆಯಲ್ಲೇ ಬೆಳೆದ ಮಕ್ಕಳನ್ನು ಈಗ ಮುದಿ ತಾಯಂದಿರು ಎತ್ತಿ ಮಗುಚುತ್ತಿದ್ದಾರೆ. ಅಲ್ಲಿಗೆ ಹೋಗಿ ನಾನು ಮಾಡುವುದು ದೊಡ್ಡದೇನಲ್ಲ: ಹುಣ್ಣು ತೊಳೆದು ಕಟ್ಟುವುದು, ಕ್ಯಾಥೆಟರ್ ಬದಲಿಸುವುದು, ನೋವಿನ ಮಾತ್ರೆಯ ಹೊತ್ತು ಹೇಳಿಕೊಡುವುದು. ಯಾರೂ ಗುಣವಾಗುವುದಿಲ್ಲ. ಆದರೂ ಒಬ್ಬರ ಬಳಿ ಮುಕ್ಕಾಲು ಗಂಟೆ ಕುಳಿತುಕೊಳ್ಳಬಹುದು, ಆ ಮುಕ್ಕಾಲು ಗಂಟೆಯನ್ನು ಯಾರೂ ಕಸಿದುಕೊಳ್ಳುವುದಿಲ್ಲ.

ಹಾಗೆಂದು ಇದು ಸ್ವರ್ಗವಲ್ಲ (ಸ್ವರ್ಗ ಎಂಬ ಊರು ನಮ್ಮ ಪಂಚಾಯತಿನಲ್ಲೇ ಇದೆ, ಅಲ್ಲಿಗೂ ಗುಡ್ಡ ಹತ್ತಬೇಕು). ನನ್ನದು ಗುತ್ತಿಗೆ ಕೆಲಸ, ಸಂಬಳ ಕಡಿಮೆ. ಮನೆ ಸಾಲವಿರುವವರು ಲೆಕ್ಕ ಹಾಕಿಯೇ ಬರಬೇಕು. ಸಿಸ್ಟರಿಗೆ ಮನಸ್ಸಿದ್ದರೆ ಒಂದು ದಿನ ನಮ್ಮ ಜೀಪಿನಲ್ಲಿ ಬಂದು ನೋಡಲಿ.

ನೈಟ್ ಡ್ಯೂಟಿ

ಯಾರಲ್ಲೂ ಹೇಳಿಕೊಳ್ಳಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕರೆಗೆ ಹಣವಿಲ್ಲ. ನಾನು ಒಮ್ಮೆ ರಾತ್ರಿ ಮೂರು ಗಂಟೆಗೆ ಕರೆ ಮಾಡಿದ್ದೇನೆ. ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಹೋದರೆ ಮರುದಿನ ಕ್ಯಾಂಟೀನಿನಲ್ಲಿ ಸುದ್ದಿಯಾಗುತ್ತದೆಂಬ ಹೆದರಿಕೆ ಇತ್ತು.

ಬದಿಯಡ್ಕದ ಸಿಸ್ಟರ್

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಹೊಸದುರ್ಗದ ಅಕ್ಕ ಹೇಳಿದಂತೆ ರಕ್ತ ಕೊಟ್ಟೆ. ಥೈರಾಯ್ಡ್ ಸರಿಯಿದೆ, ಹಿಮೋಗ್ಲೋಬಿನ್ 8.9 ಬಂತು, ತೀರ ಕಡಿಮೆ. ಇದೇ ರಿಪೋರ್ಟು ರೋಗಿಯದಾಗಿದ್ದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನಾನೇ ಗದರುತ್ತಿದ್ದೆ. ಡಯಾಲಿಸಿಸ್ ವಿಭಾಗಕ್ಕೆ ಬದಲಾಯಿಸಿ ಎಂದು ನರ್ಸಿಂಗ್ ಸೂಪರಿಂಟೆಂಡೆಂಟರಲ್ಲಿ ಕೇಳಿದೆ. ಐಸಿಯುವಿಗೆ ಬೇರೆ ಜನ ಸಿಗುವವರೆಗೆ ಆಗುವುದಿಲ್ಲ ಎಂದರು. ಸಿಗುವುದು ಯಾವಾಗ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೇಳಿದ್ದನ್ನು ಬರೆದು ಕೊಟ್ಟಿದ್ದೇನೆ, ಒಂದು ಪ್ರತಿ ನನ್ನಲ್ಲಿದೆ.

ಟ್ಯೂಟರ್ ಮೇಡಂ ಬರೆದದ್ದನ್ನು ಓದಿದ ಮೇಲೆ ಒಂದು ಕೆಲಸ ಮಾಡಿದೆ. ಮೊನ್ನೆ ಇನ್ನೊಂದು ಅಂಥದ್ದೇ ಸಂದರ್ಭ ಬಂದಾಗ ಡಾಕ್ಟರಲ್ಲಿ, "ಸರ್, ನೀವು ಹೊರಗೆ ಬಂದು ಕುಳಿತು ಹೇಳಿ, ನಾನು ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಹೇಳುತ್ತೇನೆ, ನಾನೊಬ್ಬಳೇ ಹೋಗುವುದಿಲ್ಲ" ಎಂದೆ. ನನ್ನ ಸ್ವರ ನಡುಗುತ್ತಿತ್ತು. ಅವರು ಗಡಿಯಾರ ನೋಡಿದರು, ಆಮೇಲೆ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ರೋಗಿಯ ಮಗಳ ಎದುರು ಕುಳಿತರು. ಹನ್ನೆರಡು ನಿಮಿಷ ಹಿಡಿಯಿತು. ಆಕೆ ಪ್ರಶ್ನೆ ಕೇಳಿದ್ದು ಅವರ ಮುಖ ನೋಡಿ, ಅತ್ತದ್ದು ಅವರ ಎದುರಿಗೆ. ನಾನು ಬರೀ ಬಾಯಿಯಾಗಿದ್ದೆ. ಒಳಗೆ ಬಂದು ನೋಡಿದರೆ ನನ್ನ ಕಣ್ಣೂ ಒದ್ದೆಯಾಗಿತ್ತು.

ಬಿಡುವುದೋ ಉಳಿಯುವುದೋ ಇನ್ನೂ ತೀರ್ಮಾನಿಸಿಲ್ಲ. ಈ ತಿಂಗಳ ಲಿಸ್ಟಿನಲ್ಲಿ ನನಗೆ ಏಳು ನೈಟ್ ಇದೆ. ಶನಿವಾರ ಆಫ್ ಸಿಕ್ಕಿದೆ. ಹೋಂಕೇರ್ ಅಕ್ಕಾ, ನಿಮ್ಮ ಜೀಪಿನಲ್ಲಿ ಜಾಗವಿದೆಯೇ?

ಎಣ್ಮಕಜೆ ಹೋಂಕೇರ್

ಜಾಗವಿದೆ. ಒಂಬತ್ತು ಗಂಟೆಗೆ ಪೆರ್ಲ ಪೇಟೆಯಲ್ಲಿ ನಿಂತಿರಿ. ಜೀಪು ಹೋಗದ ಮನೆ ಮೂರಿವೆ, ಮುರಕಲ್ಲಿನ ಮೆಟ್ಟಿಲಲ್ಲಿ ಪಾಚಿ ಹಿಡಿದಿದೆ. ಡ್ಯೂಟಿ ಚಪ್ಪಲಿ ಬೇಡ, ಹಿಡಿತವಿರುವ ಚಪ್ಪಲಿ ಹಾಕಿಕೊಂಡು ಬನ್ನಿ. ಕೊಡೆಯೂ ಇರಲಿ.